ಹೊಸ ಕಂಪ್ಯೂಟರಿಗೆ ವಿಂಡೋ ಎಳೆದರೂ ಏದುಸಿರು!

ನನ್ನದು ಹೊಸ ಕಂಪ್ಯೂಟರ್. ಪ್ರೊಸೆಸರಿನಲ್ಲಿ ಎಂಟು ಕೋರ್, ಅಂದರೆ ಲೆಕ್ಕ ಮಾಡುವ ಎಂಟು ಭಾಗ ಇದೆ. ಹಾಗಿದ್ದೂ ಒಂದು ವಿಂಡೋ ಹಿಡಿದು ಎಳೆದರೆ ಅದು ಮೌಸ್ ಹಿಂದೆ ತೆವಳಿಕೊಂಡು ಬರುತ್ತಿತ್ತು, ಮದುವೆ ಊಟ ಮುಗಿಸಿ ಎದ್ದವರ ಹಾಗೆ. ಪಕ್ಕದಲ್ಲಿ ಅಣ್ಣನ ಹಳೇ ಡಬ್ಬ ಇದೆ, ಅದರಲ್ಲಿ ಎಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹೊಟ್ಟೆ ಉರಿಯಲ್ವಾ?

ಅಂಗಡಿಯವನು "ರ‍್ಯಾಮ್ ಜಾಸ್ತಿ ಮಾಡಿಸಿ ಸರ್" ಅಂದ. ಮಾಡಿಸಿದೆ. ದುಡ್ಡು ಹೋಯಿತು ಅಷ್ಟೇ.

ಕೊನೆಗೆ ಕಂಪ್ಯೂಟರಿನ ಒಳಗಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು ನೋಡಿದರೆ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ತೋರಿಸುತ್ತಿದೆ. ಅಂದರೆ ಒಳಗೆ ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ ಇದೆ, ಅದರಿಂದ ಕೆಲಸ ಮಾಡಿಸುವ ತಂತ್ರಾಂಶ, ಅದೇ ಡ್ರೈವರ್, ಮಾತ್ರ ಯಾರೂ ಹಾಕಿಲ್ಲ! 1920×1080 ಪರದೆ ಅಂದರೆ ಸುಮಾರು 20 ಲಕ್ಷ ಚುಕ್ಕೆಗಳು, ಸೆಕೆಂಡಿಗೆ 60 ಸಲ ಬದಲಾಗಬೇಕು ಅಂದರೆ ಒಂದು ಸಲಕ್ಕೆ 17 ಮಿಲಿಸೆಕೆಂಡೂ ಸಿಗುವುದಿಲ್ಲ, ವಿಂಡೋದ ಆ ನೆರಳು, ಆ ಪಾರದರ್ಶಕ ಅಂಚು ಎಲ್ಲವನ್ನೂ ಪಾಪ ಪ್ರೊಸೆಸರ್ ಒಂದೇ ಕೂತು ಬಿಡಿಸುತ್ತಿತ್ತು. 1985ರ ಅಮಿಗಾ ಕಂಪ್ಯೂಟರಿನ ಪ್ರೊಸೆಸರ್ ವೇಗ ಬರೀ 7 ಮೆಗಾಹರ್ಟ್ಸ್ ಚಿಲ್ಲರೆ. ಆದರೂ ಚಿತ್ರದ ತುಂಡುಗಳನ್ನು ಎತ್ತಿ ಇಡುವುದಕ್ಕೇ ಅದರಲ್ಲಿ ಬ್ಲಿಟರ್ ಅಂತ ಬೇರೆ ವ್ಯವಸ್ಥೆ ಇತ್ತು. ನನ್ನದಕ್ಕೆ ಅದೂ ಇಲ್ಲದ ಗತಿ.

ಡ್ರೈವರ್ ಹಾಕಿದೆ. ಹತ್ತು ನಿಮಿಷದ ಕೆಲಸ, ದುಡ್ಡೂ ಇಲ್ಲ. ವಿಂಡೋ ಈಗ ಸರ್ರನೆ ಜಾರುತ್ತದೆ.

ರ‍್ಯಾಮ್ ವಾಪಸ್ ತಗೋತೀರಾ ಅಂತ ಕೇಳಿದರೆ, "ಇರಲಿ ಸರ್, ಮುಂದೆ ಬೇಕಾಗುತ್ತೆ" ಅಂತಾನೆ!