ಕಮಟು ಬೆಣ್ಣೆಗೆ ಐದು ತಿಂಗಳು

ತಿಮಿಂಗಿಲ ಬೇಟೆ ತಡೆಯಲು ಹಡಗು ಹತ್ತಿ ಹೋರಾಡುವ ಪಾಲ್ ವಾಟ್ಸನ್ ಮೇಲಿದ್ದ ಕೆಂಪು ನೋಟಿಸನ್ನು, ಅಂದರೆ ಕಂಡಲ್ಲಿ ಹಿಡಿಯಿರಿ ಅಂತ ದೇಶದೇಶಗಳ ಪೊಲೀಸರಿಗೆ ಕಳಿಸುವ ಕೋರಿಕೆಯನ್ನು, ಇಂಟರ್‌ಪೋಲ್ 2025ರ ಜುಲೈನಲ್ಲಿ ಕೊನೆಗೂ ತೆಗೆದುಹಾಕಿತು. ಜಗತ್ತು ಈಗ ನಿಟ್ಟುಸಿರು ಬಿಡಬಹುದು. 2012ರಿಂದ ಕೊಲೆಗಡುಕರು, ಡ್ರಗ್ಸ್ ದಂಧೆಯವರ ಸಾಲಿನಲ್ಲಿ ಈ ಬಿಳಿಗಡ್ಡದ ಮುದುಕನೂ ಇದ್ದ. ಮಾಡಿದ್ದೇನು? 2010ರಲ್ಲಿ ಅಂಟಾರ್ಕ್ಟಿಕಾ ಸಮುದ್ರದಲ್ಲಿ ಅವನ ಕಡೆಯವರು ಜಪಾನಿನ ತಿಮಿಂಗಿಲ ಬೇಟೆಯವರ ಹಡಗಿಗೆ ನಾತದ ಬಾಟಲಿ ಎಸೆದರು, ಒಬ್ಬ ನಾವಿಕನ ಮುಖಕ್ಕೆ ಗಾಯವಾಯಿತು ಅಂತ ದೂರು.

ಬಾಟಲಿಯಲ್ಲಿದ್ದದ್ದು ಬ್ಯುಟಿರಿಕ್ ಆಸಿಡ್. ಬೆಣ್ಣೆ ಕಮಟಾದರೆ ನಾತ ಬರುವುದೇ ಅದರಿಂದ. ಕಣ್ಣಿಗೆ ಬಿದ್ದರೆ ತಮಾಷೆಯಲ್ಲ, ಒಪ್ಪಿದೆ. ಆದರೆ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ತುಪ್ಪ ಕಾಯಿಸಲು ಅಮ್ಮ ಕೂಡಿಟ್ಟ ಬೆಣ್ಣೆ ಡಬ್ಬಿ ಹೊರಗೇ ಬಿಟ್ಟು ಹದಿನೈದು ದಿನ ಊರಿಗೆ ಹೋಗಿದ್ದೆ. ಬಂದು ಮುಚ್ಚಳ ತೆಗೆದೆ. ಅಮ್ಮ ಮೂಗಿಗೆ ಸೆರಗು ಒತ್ತಿಕೊಂಡು, "ಮೊದಲು ಅದನ್ನ ಆಚೆ ಒಯ್ಯೋ" ಅಂದರು. ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದರೂ ಡಬ್ಬಿಯ ನಾತ ಹೋಗಲಿಲ್ಲ. ನಾನು ಗ್ರೀನ್‌ಲ್ಯಾಂಡ್ ಕಡೆ ತಲೆ ಹಾಕದಿರುವುದೇ ವಾಸಿ.

ವಾಟ್ಸನ್ ಹಾಕಿದ. 2024ರ ಜುಲೈನಲ್ಲಿ ಹಡಗಿಗೆ ಇಂಧನ ತುಂಬಿಸಲು ಗ್ರೀನ್‌ಲ್ಯಾಂಡಿನ ನೂಕ್ ಬಂದರಿಗೆ ಬಂದವನಿಗೆ ಕೈಕೋಳ ಬಿತ್ತು. ಐದು ತಿಂಗಳು ಒಳಗಿಟ್ಟು, ಡಿಸೆಂಬರ್‌ನಲ್ಲಿ ಡೆನ್ಮಾರ್ಕ್‌ನವರು (ಗ್ರೀನ್‌ಲ್ಯಾಂಡ್ ಅವರದೇ ಭಾಗ) ಜಪಾನಿಗೆ ಒಪ್ಪಿಸಲ್ಲ ಅಂತ ಬಿಟ್ಟರು.

ಇನ್ನು ನಾತ ಕುಡಿದ ಕಡೆಯವರು. ಅವರು ಬೇಟೆಗಾರರಲ್ಲ, ವಿಜ್ಞಾನಿಗಳು! ಅವರ ದೊಡ್ಡ ಹಡಗು ನಿಶ್ಶಿನ್ ಮಾರು ಮೈಮೇಲೆ ಇಂಗ್ಲಿಷಿನಲ್ಲಿ ಆಳೆತ್ತರಕ್ಕೆ 'ರಿಸರ್ಚ್' ಅಂತ ಬರೆಸಿದ್ದರು. ಸ್ಕೂಟರಿಗೆ 'ಪ್ರೆಸ್' ಸ್ಟಿಕ್ಕರ್ ಅಂಟಿಸಿಕೊಂಡು ಸಿಗ್ನಲ್ ಹಾರಿಸುವವರಿಗೆ ಇದರ ಮರ್ಮ ಚೆನ್ನಾಗಿ ಗೊತ್ತು. 1986ರಿಂದ ವ್ಯಾಪಾರದ ಬೇಟೆಗೆ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ತಡೆ ಇದೆ, ಸಂಶೋಧನೆಗೆ ಇಲ್ಲ ನೋಡಿ. ಸಂಶೋಧನೆ ಮುಗಿದ ಮಾಂಸ ಮಾರಾಟಕ್ಕೆ.

2014ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಲೆಕ್ಕ ಕೇಳಿತು. 2005ರಿಂದ ಕೊಂದ ಮಿಂಕಿ ತಿಮಿಂಗಿಲಗಳು ಸುಮಾರು 3,600. ಅವುಗಳಿಂದ ಹುಟ್ಟಿದ, ತಜ್ಞರು ಪರಿಶೀಲಿಸಿದ ಪ್ರಬಂಧ ಎರಡು. ಒಂದಕ್ಕೆ ಏಳು ತಿಮಿಂಗಿಲ ಬಳಸಿದ್ದರು, ಇನ್ನೊಂದಕ್ಕೆ ಎರಡು. ಪಿಎಚ್‌ಡಿ ಗೈಡುಗಳೇ, ನಿಮ್ಮ ಹುಡುಗರು ನಿಧಾನ ಅಂತ ಇನ್ನು ಬೈಯಬೇಡಿ. ಇದು ವಿಜ್ಞಾನಕ್ಕಾಗಿ ಅಲ್ಲ, ನಿಲ್ಲಿಸಿ ಅಂದಿತು ಕೋರ್ಟು. ಮುಂದಿನ ವರ್ಷವೇ ಬೇರೆ ಹೆಸರಲ್ಲಿ ಬೇರೆ ಸಂಶೋಧನೆ ಶುರು. 2019ರಲ್ಲಿ ತಿಮಿಂಗಿಲ ಆಯೋಗದಿಂದಲೇ ಎದ್ದು ಹೊರಟು, ತಮ್ಮ ಕಡಲಲ್ಲೇ ರಾಜಾರೋಷವಾಗಿ ವ್ಯಾಪಾರದ ಬೇಟೆಗೆ ಇಳಿದರು. ಸುಳ್ಳು ಹೇಳುವ ಕಷ್ಟವಾದರೂ ತಪ್ಪಿತಲ್ಲ.

2011ರಲ್ಲಿ ಜಪಾನಿನಲ್ಲಿ ಸುನಾಮಿಗೆ ಊರಿಗೆ ಊರೇ ಕೊಚ್ಚಿ ಹೋಯಿತು. ಪುನರ್ನಿರ್ಮಾಣಕ್ಕೆ ತೆಗೆದಿಟ್ಟ ದುಡ್ಡಿನಲ್ಲಿ ಸುಮಾರು 228 ಕೋಟಿ ಯೆನ್ ಈ ಬೇಟೆಗೆ ಕೊಟ್ಟರು. ಮನೆ ಕಳೆದುಕೊಂಡವರ ದುಡ್ಡು ರೀ ಅದು. ಇದರ ಮೇಲೆ ತಮಾಷೆ ಮಾಡೋಕೆ ನನಗೆ ಬರಲ್ಲ. ಹೇಸಿಗೆಯಾಗುತ್ತೆ, ಅಷ್ಟೆ.

ಇಷ್ಟಕ್ಕೂ ತಿನ್ನುವವರು ಎಲ್ಲಿ? ಗಿರಾಕಿ ಹುಡುಕಿಕೊಂಡು 2023ರಲ್ಲಿ ಯೊಕೊಹಾಮಾದಲ್ಲಿ ವೆಂಡಿಂಗ್ ಮಷೀನ್ ಇಟ್ಟರು. ದುಡ್ಡು ಹಾಕಿ, ಗುಂಡಿ ಒತ್ತಿ, ತಿಮಿಂಗಿಲ ತಗೊಳ್ಳಿ. ಮರುವರ್ಷ ಕಾಂಗೇಯಿ ಮಾರು ಅನ್ನುವ ಹೊಸ ಹಡಗು ಇಳಿಯಿತು. ವಾಟ್ಸನ್ ತಡೆಯಲು ಹೊರಟಿದ್ದು ಅದನ್ನೇ. ಬೇಟೆಯ ಪಟ್ಟಿಗೆ ಫಿನ್ ತಿಮಿಂಗಿಲವೂ ಸೇರಿತು. ಭೂಮಿ ಮೇಲೆ ಅದಕ್ಕಿಂತ ದೊಡ್ಡ ಪ್ರಾಣಿ ಇನ್ನೊಂದೇ ಇರೋದು. ಆ ಮಷೀನಿನ ಕಿಂಡಿಯನ್ನು ಸ್ವಲ್ಪ ಅಗಲ ಮಾಡಿಸಬೇಕಾಗುತ್ತೇನೋ.