ಮಾತಾಡುವವರು ಕೆಳಗೆ, ಕೇಳುವವರು ಮೇಲೆ

ನಮ್ಮಲ್ಲಿ ಸಭಾಂಗಣ ಕಟ್ಟುವಾಗ ಮೊದಲು ಯೋಚಿಸುವುದು ವೇದಿಕೆಯ ಬಗ್ಗೆ. ಮೂರ್ನಾಲ್ಕು ಅಡಿ ಎತ್ತರ, ಮೇಲೆ ಗಣ್ಯರ ಕುರ್ಚಿಸಾಲು, ಅಂಚಿನಲ್ಲಿ ಹೂಕುಂಡ. ಮುಂದಿನ ಸಾಲಿನಲ್ಲಿ ಕೂತವರಿಗೆ ಕಾಣುವುದು ಮೇಜಿನ ಬಟ್ಟೆ ಮತ್ತು ಗಣ್ಯರ ಚಪ್ಪಲಿ. ಲಂಡನ್ನಿನ ಅಲ್ಬೆಮಾರ್ಲ್ ಬೀದಿಯ 21ನೇ ನಂಬರಿನ ಕಟ್ಟಡದಲ್ಲಿ, ಅಂದರೆ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯ ಉಪನ್ಯಾಸ ಮಂದಿರದಲ್ಲಿ, ಲೆಕ್ಕ ತಿರುಗುಮುರುಗು. ಉಪನ್ಯಾಸಕರು ಬಾವಿಯ ತಳದಂಥ ಜಾಗದಲ್ಲಿ ಉದ್ದನೆ ಮೇಜಿನ ಹಿಂದೆ ನಿಲ್ಲುತ್ತಾರೆ. ಕೇಳುಗರು ಸುತ್ತ ಅರ್ಧವೃತ್ತದಲ್ಲಿ, ಕಡಿದಾಗಿ ಮೇಲೇರುವ ಸಾಲುಗಳಲ್ಲಿ ಕೂರುತ್ತಾರೆ. ಮೇಜಿನ ಮೇಲೆ ತಟ್ಟೆಯಲ್ಲಿ ಏನೋ ಕುದಿಯುತ್ತಿದ್ದರೆ ಅದು ಕೊನೆಯ ಸಾಲಿನ ಹುಡುಗನಿಗೂ ಕಾಣಬೇಕಲ್ಲ, ಅದಕ್ಕೆ.

ಈ ಸಂಸ್ಥೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪ್ರಯೋಗಾಲಯವನ್ನು ಮುಂದಿಟ್ಟು ಸಭಾಂಗಣವನ್ನು ಹಿಂದೆ ಸರಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಲ್ಲಿ ಪ್ರಯೋಗಾಲಯಕ್ಕೆ ಅನ್ನ ಹಾಕಿದ್ದೇ ಸಭಾಂಗಣ.

1799ರ ಮಾರ್ಚ್ 7ರಂದು ಸೋಹೋ ಚೌಕದಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಮನೆಯಲ್ಲಿ ಸೇರಿದ ಸಭೆಯಲ್ಲಿ ಸಂಸ್ಥೆ ಹುಟ್ಟಿತು. ತಲಾ 50 ಗಿನಿ ಕೊಡಲು ಒಪ್ಪಿದ ಸಿರಿವಂತರ ದುಡ್ಡು ಬಂಡವಾಳ. ಯೋಜನೆ ಕೌಂಟ್ ರಮ್‌ಫರ್ಡ್‌ನದು. ಹೊಗೆ ಕಾರದ ಒಲೆ, ಶಾಖ ಪೋಲು ಮಾಡದ ಅಗ್ಗಿಷ್ಟಿಕೆ ಎಂದು ತಲೆ ಓಡಿಸಿದ್ದ ಈ ಮನುಷ್ಯನಿಗೆ ಕುಶಲಕರ್ಮಿಗಳಿಗೂ ವಿಜ್ಞಾನ ಕಲಿಸುವ ಆಸೆ. ಅದಕ್ಕಾಗಿಯೇ ಥಾಮಸ್ ವೆಬ್‌ಸ್ಟರ್ ಉಪನ್ಯಾಸ ಮಂದಿರ ಕಟ್ಟುವಾಗ, ಕುಶಲಕರ್ಮಿಗಳು ನೇರ ಗ್ಯಾಲರಿಗೆ ಹತ್ತಲು ಪ್ರತ್ಯೇಕ ಕಲ್ಲಿನ ಮೆಟ್ಟಿಲು ಇಟ್ಟಿದ್ದ. ಫ್ರಾನ್ಸಿನ ಕ್ರಾಂತಿಯ ಭಯ ಇನ್ನೂ ಆರಿರದ ಕಾಲ. ಕೆಳವರ್ಗದವರಿಗೆ ವಿಜ್ಞಾನ ಯಾಕೆ ಎಂಬ ಗೊಣಗಾಟ ಎದ್ದು, ಕಟ್ಟಿದ ಮೆಟ್ಟಿಲನ್ನೇ ಕೀಳಿಸಿದರು. ಸಂಸ್ಥೆಯ ಕೀರ್ತಿ ಹಾಡುವವರು ಈ ಮೆಟ್ಟಿಲನ್ನು ಮರೆಯಬಾರದು.

1801ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿ ಬಂದ. ಇಪ್ಪತ್ತೆರಡು ವರ್ಷದ ಹುಡುಗ, ಒಳ್ಳೆಯ ಮಾತುಗಾರ. ಅವನ ಉಪನ್ಯಾಸಕ್ಕೆ ಬರುವವರ ಸಾರೋಟುಗಳು ಸಿಕ್ಕಿಕೊಂಡು ಬೀದಿಯನ್ನು ಏಕಮುಖ ಸಂಚಾರ ಮಾಡಬೇಕಾಯಿತು, ಲಂಡನ್ನಿನಲ್ಲಿ ಅದೇ ಮೊದಲು ಎಂಬ ಮಾತಿದೆ. ಆ ಜನರ ಚಂದಾ ಹಣ ಪ್ರಯೋಗಾಲಯಕ್ಕೆ ಇಳಿಯಿತು. 1807ರಲ್ಲಿ ಪೊಟ್ಯಾಸಿಯಂ, ಸೋಡಿಯಂ. ಮರುವರ್ಷ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೇರಿಯಂ, ಸ್ಟ್ರಾನ್ಷಿಯಂ. ಎಲ್ಲವೂ ವಿದ್ಯುತ್ ಹಾಯಿಸಿ ಬೇರ್ಪಡಿಸಿದ ಲೋಹಗಳು. ಇನ್ನೂ ದೊಡ್ಡ ಬ್ಯಾಟರಿ ಬೇಕೆಂದಾಗ ಸದಸ್ಯರೇ ವಂತಿಗೆ ಎತ್ತಿದರು: 2000 ಜೋಡಿ ಲೋಹದ ಫಲಕಗಳ ಬ್ಯಾಟರಿ ಎದ್ದಿತು. ಎರಡು ಇದ್ದಿಲ ತುಂಡುಗಳ ನಡುವೆ ಅದರ ಪ್ರವಾಹ ಹಾಯಿಸಿದಾಗ ಹೊಮ್ಮಿದ ಬೆಳಕನ್ನು ಡೇವಿ ಜನರಿಗೇ ತೋರಿಸಿದ.

1812ರಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಹುಡುಗನೊಬ್ಬ ಗಿರಾಕಿ ಕೊಟ್ಟ ಟಿಕೆಟ್ಟಿನಲ್ಲಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ, ಟಿಪ್ಪಣಿಗಳನ್ನು ತಾನೇ ಹೊಲಿದು ರಟ್ಟು ಹಾಕಿ ಡೇವಿಗೆ ಕಳಿಸಿದ. ಮೈಕೆಲ್ ಫ್ಯಾರಡೆ. 1813ರಲ್ಲಿ ವಾರಕ್ಕೆ 25 ಶಿಲ್ಲಿಂಗ್ ಸಂಬಳ ಮತ್ತು ಅಟ್ಟದ ಕೋಣೆಗಳ ಮೇಲೆ ಸಹಾಯಕನಾದ. ಅದೇ ವರ್ಷ ಗೆಳೆಯ ಅಬಟ್‌ಗೆ ಅವನು ಬರೆದ ಪತ್ರಗಳನ್ನು ಸಭೆ ನಡೆಸುವವರೆಲ್ಲ ಓದಬೇಕು. ಗಾಳಿಯಾಡದ ಕೋಣೆಯಲ್ಲಿ ಕೇಳುಗರ ಗಮನ ಸಾಯುತ್ತದೆ; ಒಳಬರುವ, ಹೊರಹೋಗುವ ದಾರಿ ಸಲೀಸಾಗಿರಬೇಕು; ಉಪಕರಣ ಎಲ್ಲರಿಗೂ ಕಾಣುವಂತಿರಬೇಕು; ಒಂದು ಗಂಟೆ ಸಾಕು. ಆಗಿನ್ನೂ ಅವನು ಅಲ್ಲಿ ಒಂದು ಉಪನ್ಯಾಸವನ್ನೂ ಕೊಟ್ಟಿರಲಿಲ್ಲ.

1820ರ ದಶಕದಲ್ಲಿ ಸಂಸ್ಥೆಯ ಕೈ ಬರಿದಾದಾಗ ಪ್ರಯೋಗಾಲಯದ ನಿರ್ದೇಶಕನಾಗಿದ್ದ ಫ್ಯಾರಡೆ ಮತ್ತೆ ಸಭಾಂಗಣವನ್ನೇ ಹಿಡಿದ. 1825ರಲ್ಲಿ ಮಕ್ಕಳ ಕ್ರಿಸ್‌ಮಸ್ ಉಪನ್ಯಾಸ ಆರಂಭವಾಯಿತು, 1826ರಿಂದ ಶುಕ್ರವಾರ ಸಂಜೆಯ ಉಪನ್ಯಾಸ ಕ್ರಮವಾಗಿ ನಡೆಯಿತು. ಕ್ರಿಸ್‌ಮಸ್ ಸರಣಿಯನ್ನು ಫ್ಯಾರಡೆಯೇ 19 ವರ್ಷ ಕೊಟ್ಟ. ಅದು ನಿಂತದ್ದು ಎರಡನೇ ಮಹಾಯುದ್ಧದಲ್ಲಿ, 1939ರಿಂದ 1942ರವರೆಗೆ ಮಾತ್ರ.

ಶುಕ್ರವಾರದ ಪದ್ಧತಿ ಹೀಗೆ. ಗಡಿಯಾರ ಗಂಟೆ ಬಾರಿಸುವಾಗ ಬಾಗಿಲು ತೆರೆಯುತ್ತದೆ, ಉಪನ್ಯಾಸಕರು ಒಳಬರುತ್ತಾರೆ, ಮೊದಲ ವಾಕ್ಯವೇ ವಿಷಯ. ಸ್ವಾಗತವಿಲ್ಲ, ಪರಿಚಯವಿಲ್ಲ, 'ವೇದಿಕೆಯ ಮೇಲಿರುವ' ಎಂಬ ಪಟ್ಟಿಯಿಲ್ಲ. ಒಂದು ಗಂಟೆಗೆ ಸರಿಯಾಗಿ ಮಾತು ನಿಲ್ಲಬೇಕು. (ನಮ್ಮಲ್ಲಿ ಪ್ರಾರ್ಥನೆ, ದೀಪ, ಹಾರ, ಪ್ರಾಸ್ತಾವಿಕ ಮುಗಿಯುವಷ್ಟರಲ್ಲಿ ಆ ಗಂಟೆ ಹೋಗಿರುತ್ತದೆ, ಮುಖ್ಯ ಉಪನ್ಯಾಸಕರು 'ಸಮಯದ ಅಭಾವದಿಂದ' ಎಂದು ಶುರುಮಾಡುತ್ತಾರೆ.) ಫ್ಯಾರಡೆ ಉತ್ಸಾಹಕ್ಕೆ ಬಿದ್ದು ವೇಗವಾದರೆ ಸಹಾಯಕ ಆಂಡರ್‌ಸನ್, ಹಿಂದೆ ಫಿರಂಗಿ ದಳದ ಸಾರ್ಜೆಂಟ್ ಆಗಿದ್ದವನು, 'ನಿಧಾನ' ಎಂದು ಬರೆದ ಚೀಟಿ ಮುಂದಿಡುತ್ತಿದ್ದ. ಗಂಟೆ ಮುಗಿಯುವಾಗ 'ಸಮಯ' ಎಂಬ ಚೀಟಿ.

1846ರಲ್ಲಿ ಶುಕ್ರವಾರದ ಉಪನ್ಯಾಸ ಕೊಡಬೇಕಿದ್ದ ಭೌತವಿಜ್ಞಾನಿ ವೀಟ್‌ಸ್ಟೋನ್ ಹೆದರಿ ಓಡಿಹೋದ, ಅಂದಿನಿಂದ ಉಪನ್ಯಾಸಕರನ್ನು ಅರ್ಧ ಗಂಟೆ ಮೊದಲೇ ಕೋಣೆಯಲ್ಲಿ ಕೂಡಿಹಾಕುತ್ತಾರೆ ಎಂಬ ಕತೆ ಬಲು ಜನಪ್ರಿಯ. ದಾಖಲೆ ನೋಡಿದವರು ಹೇಳುವುದು ಬೇರೆ: ಬರಬೇಕಿದ್ದ ಬೇರೊಬ್ಬರು ಮೊದಲೇ ಬರುವುದಿಲ್ಲ ಎಂದಿದ್ದರು, ಫ್ಯಾರಡೆ ನಿಂತು ವೀಟ್‌ಸ್ಟೋನ್‌ನ ಉಪಕರಣವನ್ನು ವಿವರಿಸಿದ. ಹೊತ್ತು ಉಳಿಯಿತು. ಉಳಿದ ಹೊತ್ತಿಗೆ, ಬೆಳಕು ಬಲರೇಖೆಗಳ (ಕಾಂತ, ವಿದ್ಯುತ್ತಿನ ಬಲ ಹರಡುವ ದಾರಿಯನ್ನು ತೋರುವ ಗೆರೆಗಳ) ಕಂಪನವಾಗಿರಬಹುದೇ ಎಂದು ಗಟ್ಟಿಯಾಗಿ ಯೋಚಿಸಿದ. ಬೆಳಕು ವಿದ್ಯುತ್ಕಾಂತ ಅಲೆ ಎಂದು ಮುಂದೆ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಗಣಿತದಲ್ಲಿ ಕಟ್ಟಿದ್ದರ ಬೀಜ ಅಲ್ಲಿತ್ತು.

ಜನರೆದುರು ಪ್ರಯೋಗ ತೋರಿಸುವುದು ಪ್ರಯೋಗಾಲಯದಲ್ಲಿ ಮಾಡಿದಷ್ಟು ಸುಲಭವಲ್ಲ. ಸ್ಥಿರವಿದ್ಯುತ್ತನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಖಾಲಿ ಕೋಣೆಯಲ್ಲಿ ವಿದ್ಯುದಂಶ ತೋರಿಸುವ ಉಪಕರಣದ ಚಿನ್ನದ ತಗಡಿನ ಎಲೆಗಳು ಚೆನ್ನಾಗಿ ಬಿಚ್ಚಿಕೊಳ್ಳುತ್ತವೆ; ಸಂಜೆ ನೂರಾರು ಜನರ ಉಸಿರಿನ ತೇವ ಗಾಜಿನ ಮೇಲೆ ಕಾಣದ ಪದರವಾಗಿ ಕೂತು ವಿದ್ಯುದಂಶ ಸೋರಿಹೋಗುತ್ತದೆ. ಆದ್ದರಿಂದ ಗಾಜನ್ನು ಬೆಚ್ಚಗೆ ಮಾಡಿ ಒಣಗಿಸಬೇಕು, ಆ ಪ್ರಯೋಗವನ್ನು ಮೊದಲ ಹತ್ತು ನಿಮಿಷದಲ್ಲೇ ಮುಗಿಸಬೇಕು. ಕಾಂತಸೂಜಿ ಅಲುಗಿದ್ದು ಗ್ಯಾಲರಿಗೆ ಕಾಣುವುದಿಲ್ಲ; ಅದಕ್ಕೊಂದು ಪುಟ್ಟ ಕನ್ನಡಿ ಅಂಟಿಸಿ ಬೆಳಕಿನ ಕಿರಣವನ್ನು ಗೋಡೆಗೆ ಬೀಳಿಸಿದರೆ ಸೂಜಿಯ ಕೂದಲೆಳೆಯ ಚಲನೆ ಗೋಡೆಯಲ್ಲಿ ಗೇಣುದ್ದವಾಗುತ್ತದೆ. ಇಷ್ಟಕ್ಕೆಲ್ಲ ಮೇಜಿನ ಹಿಂದೆಯೇ ಒಂದು ಸಿದ್ಧತಾ ಕೋಣೆ ಬೇಕು. ಅಲ್ಲಿ ಅದು ಇದೆ.

ನಮಗೂ ಈ ಮಂದಿರಕ್ಕೂ ನಂಟಿದೆ. 1897ರ ಜನವರಿ 29ರ ಶುಕ್ರವಾರ ಅಲ್ಲಿ ವಿದ್ಯುತ್ ಅಲೆಗಳ ಬಗ್ಗೆ ಮಾತಾಡಿದವರು ಜಗದೀಶಚಂದ್ರ ಬೋಸ್. ಅದಕ್ಕೂ ಮೊದಲೇ, 1876ರಲ್ಲಿ, ಮಹೇಂದ್ರಲಾಲ್ ಸರ್ಕಾರ್ ಇದೇ ಸಂಸ್ಥೆಯ ಮಾದರಿ ಕಣ್ಣೆದುರಿಟ್ಟು ಕಲ್ಕತ್ತೆಯಲ್ಲಿ ವಿಜ್ಞಾನ ಸಂಘ ಕಟ್ಟಿದ್ದರು. ಅಲ್ಲಿಯೇ ಸಿ.ವಿ. ರಾಮನ್ ತಮ್ಮ ಪರಿಣಾಮವನ್ನು ಕಂಡದ್ದು. ಅದನ್ನು ಅವರು ಉಪನ್ಯಾಸವಾಗಿ ವಿವರಿಸಿದ್ದು 1928ರ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ.

ಇನ್ನು ಸಂಕಟದ ಕತೆ. 2008ಕ್ಕೆ ಮುಗಿದ ನವೀಕರಣಕ್ಕೆ 2 ಕೋಟಿ 20 ಲಕ್ಷ ಪೌಂಡ್ ಹೋಯಿತು. ಕೈಲಿದ್ದ ಆಸ್ತಿ ಮಾರಿದರು. ಉಪಾಹಾರ ಗೃಹ, ಬಾರ್, ಬಾಡಿಗೆ ಇವುಗಳಿಂದ ವೆಚ್ಚ ಹುಟ್ಟೀತು ಎಂದುಕೊಂಡರು. ಅದೇ ವರ್ಷ ಆರ್ಥಿಕ ಕುಸಿತ. ಬರುವ ಬಾಡಿಗೆ ಇದ್ದ ಆಸ್ತಿಯನ್ನು ಮಾರಿ, ಬಂದರೆ ಬರಲಿ ಎಂಬ ಆದಾಯಕ್ಕೆ ಕಾದದ್ದೇ ಎಡವಟ್ಟು ಎಂಬುದು ನನ್ನ ಅಭಿಪ್ರಾಯ. ಕುಸಿತ ಬರೀ ನೆಪ. 2013ರ ಆರಂಭದಲ್ಲಿ ಕಟ್ಟಡವನ್ನೇ ಮಾರುವ ಮಾತು ಬಂದು, ನೊಬೆಲ್ ಪುರಸ್ಕೃತ ಹ್ಯಾರಿ ಕ್ರೋಟೋ ಮುಂತಾದವರು ವಿರೋಧಿಸಿದರು. ಹೆಸರು ಹೇಳದ ದಾನಿಯೊಬ್ಬರ 44 ಲಕ್ಷ ಪೌಂಡ್ ಸಾಲದ ಹೊರೆ ಇಳಿಸಿತು. ಎರಡು ವರ್ಷದ ಮೇಲೆ ಸಂಗ್ರಹದ ಅಪರೂಪದ ಪುಸ್ತಕಗಳೂ ಹರಾಜಿಗೆ ಹೋದವು. ಪುಸ್ತಕ ಹೋದದ್ದಕ್ಕೆ ಹೊಟ್ಟೆ ಉರಿಯುತ್ತದೆ, ಆದರೂ ಪುಸ್ತಕವೋ ಮಂದಿರವೋ ಎಂದು ಕೇಳಿದರೆ ನಾನೂ ಮಂದಿರವನ್ನೇ ಉಳಿಸಿಕೊಳ್ಳುತ್ತಿದ್ದೆ. ಯಾರದೋ ಕಪಾಟಿನಲ್ಲಿ ಆ ಪುಸ್ತಕಗಳು ಬದುಕಿಯಾವು. ಆ ಮೇಜು, ಆ ಸಿದ್ಧತಾ ಕೋಣೆ, ಆ ಕಡಿದಾದ ಸಾಲು ಒಟ್ಟಿಗಿದ್ದರೆ ಮಾತ್ರ ಶುಕ್ರವಾರ ನಡೆಯುತ್ತದೆ.