ಪುಟಪ್ ಆಗಿದೆ ಸಾರ್

ಖಾತೆ ವರ್ಗಾವಣೆಗೆ ಅರ್ಜಿ ಕೊಟ್ಟು ಅಲೆಯೋಕೆ ಶುರು ಮಾಡಿದ ಮೇಲೆ ನನ್ನ ಇಂಗ್ಲಿಷ್ ವ್ಯಾಕರಣ ಬಹಳ ಸುಧಾರಿಸಿದೆ. "ಫೈಲ್ ಏನಾಯ್ತು?" ಅಂದರೆ ಕೇಸ್ ವರ್ಕರ್ ತಲೆ ಎತ್ತದೆ "ಪುಟಪ್ ಆಗಿದೆ ಸಾರ್" ಅನ್ನುತ್ತಾರೆ. ಮತ್ತೆ ಹೋದರೂ ಅದೇ ಮಾತು. ಪುಟ್ ಜೊತೆ ಅಪ್ ಸೇರಿದರೆ ಫೈಲು ಸಾಹೇಬರ ಮೇಜಿಗೆ ಹೋಗುತ್ತದೆ. ಆಫ್ ಸೇರಿದರೆ ಮುಂದಿನ ವಾರಕ್ಕೆ ಹೋಗುತ್ತದೆ. ಅಪ್ ಆದ ಮೇಲೆ ವಿತ್ ಅಂತ ಇನ್ನೊಂದು ಬಾಲ ಅಂಟಿಕೊಂಡರೆ, ಸಹಿಸಿಕೊಂಡು ಬೆಂಚಿನ ಮೇಲೆ ಕೂತಿರೋದು. ಅದು ನನ್ನ ಪಾಲಿನದು. ಪುಟ್ ಪಾಪದ್ದು. ಕಿತಾಪತಿಯೆಲ್ಲಾ ಈ ಚಿಲ್ಲರೆ ಪದಗಳದ್ದು.

ಇಂಗ್ಲೆಂಡಿನ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ ಇದನ್ನು ಹೇಳಿದ್ದ. ಇಂಗ್ಲಿಷ್ ಕಲಿಯುವ ಪರದೇಶದವರಿಗೆ ಎಲ್ಲಕ್ಕಿಂತ ಕಷ್ಟದ್ದು ಕ್ರಿಯಾಪದಕ್ಕೆ ಚಿಲ್ಲರೆ ಪದ ಅಂಟಿದ ಇಂಥ ಜೋಡಿಗಳೇ ಅಂತೆ. ಇವುಗಳಲ್ಲಿ ಕೆಲವು ಯಾವ ದಾರಿ ಹಿಡಿದು ಈಗಿನ ಅರ್ಥಕ್ಕೆ ಬಂದವು ಅಂತ ಎಂಥ ಜಾಣನಿಗೂ ಪತ್ತೆಯಾಗದಂತೆ. ಇಷ್ಟು ಗೊತ್ತಿದ್ದೂ ಆ ಜನ ಪುಟಪ್ಪನ್ನು ನಮ್ಮ ಕಚೇರಿಗಳಲ್ಲಿ ಬಿಟ್ಟು ಹೋದರಲ್ಲ!

ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಇದನ್ನು ಹಂತಹಂತವಾಗಿ ಕಲಿಸಲು ನೋಡಿದ್ದರು. "ಗಿವ್ ಅಂದ್ರೆ?" "ಕೊಡು ಸಾರ್." "ಅಪ್ ಅಂದ್ರೆ?" "ಮೇಲೆ ಸಾರ್." "ಹಾಗಾದ್ರೆ ಗಿವ್ ಅಪ್ ಅಂದ್ರೆ?" ಕೊನೇ ಬೆಂಚಿನವನೊಬ್ಬ ಎದ್ದು ನಿಂತು, "ಮೇಲಿನವರಿಗೆ ಕೊಡೋದು ಸಾರ್" ಅಂದ. ಅವರಪ್ಪ ಕಂಟ್ರಾಕ್ಟರು. ಮೇಷ್ಟ್ರು ಎಸೆದ ಸೀಮೆಸುಣ್ಣ ಅವನ ಹಣೆಗೆ ತಾಗಿ ಎರಡು ತುಂಡಾಯಿತು. "ಕೈಬಿಡೋದು ಕಣೋ, ಕೈಬಿಡೋದು!" ಅಂತ ಕೂಗಿ, ಅವನನ್ನು ಅಲ್ಲಿಗೇ ಕೈಬಿಟ್ಟರು.

ಮೊನ್ನೆ ಅದೇ ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಆ ಕೊನೇ ಬೆಂಚಿನ ಆಸಾಮಿ ಸಿಕ್ಕ. ಸ್ಕೂಟರ್ ಡಿಕ್ಕಿಯೇ ಆಫೀಸು. ಅದರೊಳಗೆ ಫಾರಂ ಕಟ್ಟು, ಸ್ಟಾಂಪ್ ಪ್ಯಾಡು, ರಬ್ಬರ್ ಬ್ಯಾಂಡ್ ಹಾಕಿದ ಪೆನ್ನುಗಳು, ಅರ್ಧ ಮುಗಿದ ಚಕ್ಕುಲಿ ಪೊಟ್ಟಣ. ಮರಕ್ಕೆ ತಗುಲಿಹಾಕಿದ ರಟ್ಟಿನ ಮೇಲೆ "ಎಲ್ಲಾ ಫಾರಂ ಫಿಲಪ್ ಮಾಡಿಕೊಡಲಾಗುವುದು" ಅಂತ ಬರೆದಿತ್ತು.

"ಲೋ, ನೀನ್ಯಾಕೋ ಒಳಗೆ ಹೋಗಿ ಸಾಯ್ತೀಯ? ನಂಗೊಂದು ಮಾತು ಹೇಳಬಾರದಿತ್ತಾ?" ಅಂತ ಹೆಗಲ ಮೇಲೆ ಕೈ ಹಾಕಿದ. ನಾನು ಸುಮ್ಮನಿರಬಾರದಾ? ಹಳೇ ಸೀಮೆಸುಣ್ಣದ ನೆನಪಾಗಿ ಪಾಠಕ್ಕಿಳಿದೆ. ಫಾರಂಗೆ ಫಿಲ್ ಇನ್ ಅಂದರೂ ಸರಿ, ಫಿಲ್ ಔಟ್ ಅಂದರೂ ಸರಿ, ವಿಚಿತ್ರ ಅಲ್ವಾ, ಇನ್ನೂ ಔಟೂ ಎರಡೂ ಒಂದೇ ಅಂದೆ.

ಅವನಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. "ಇಲ್ಲೂ ಹಂಗೇ ಕಣೋ" ಅಂದ. ಅಷ್ಟರಲ್ಲಿ ಕೇಸ್ ವರ್ಕರ್ ಹೊರಗೆ ಬಂದು, ಕೇಳದೆಯೇ ಡಿಕ್ಕಿಗೆ ಕೈ ಹಾಕಿ ಚಕ್ಕುಲಿ ತಗೊಂಡರು. ನನ್ನ ಕಡೆ ತಿರುಗಿ, "ನಿಮ್ದು ಪುಟಪ್ ಆಗಿದೆ ಸಾರ್" ಅಂದರು. ಗೆಳೆಯ ಅವರಿಗೆ ಕಣ್ಣು ಹೊಡೆದು, ಹಳೇ ಸ್ನೇಹ, ಕಡಿಮೇಲಿ ಮಾಡಿಸಿಕೊಡ್ತೀನಿ ಅಂದ. ಎಷ್ಟು ಅಂತ ಮಾತ್ರ ಇಬ್ಬರೂ ಬಾಯಿ ಬಿಡಲಿಲ್ಲ.